ಹೊಸ ಡಿಸ್ಕು, ಹಳೆಯ ಕಡತ
ಅವರ್ಸಾದಿಂದ ಅಂಕೋಲೆಗೋ ಕಾರವಾರಕ್ಕೋ ಲ್ಯಾಪ್‌ಟಾಪ್ ಒಯ್ದು ಹಳೆಯ ಹಾರ್ಡ್‌ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸುವವರಿಗೆ ಎರಡು ಮಾತು. ಹೊಸ ಡಿಸ್ಕು ಬರಿದಾಗಿರುತ್ತದೆ. ವಿಂಡೋಸನ್ನು ಪೆನ್‌ಡ್ರೈವಿನಿಂದ ಪುನಃ ಸ್ಥಾಪಿಸಬೇಕು. ಪರವಾನಗಿಯನ್ನು ಮಾತ್ರ ಮತ್ತೆ ಕೊಳ್ಳಬೇಕಾಗುವುದು ಅಪರೂಪ. ವಿಂಡೋಸ್ 10, 11ರಲ್ಲಿ ಅದು ಸಾಮಾನ್ಯವಾಗಿ ಮದರ್‌ಬೋರ್ಡಿನೊಡನೆ ಬೆಸೆದಿರುತ್ತದೆ. ಅಂದಹಾಗೆ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ನಿಜವಾದ ಗಾಬರಿ ಅನಂತರದ್ದು. ಹಿರಿಯರು ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಬೆರಳಚ್ಚಿಸಿಟ್ಟ ವಂಶಾವಳಿಯನ್ನು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣಿಸಬಹುದು. ಕಡತ ಕೆಟ್ಟಿಲ್ಲ. ಯುನಿಕೋಡ್‌ಪೂರ್ವದ ನುಡಿ ಫಾಂಟುಗಳು ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದ್ದವು. ಅದೇ ಫಾಂಟನ್ನು ಮತ್ತೆ ಹಾಕಿದರೆ ಕನ್ನಡ ಮೂಡುತ್ತದೆ. ಎಲ್ಲವನ್ನೂ ತೆರೆದು ಓದಿ ನೋಡುವವರೆಗೆ ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿರಿ.