ಕಣ್ಣನ್ನೇ ನಂಬಿ ಹಾರುವುದು ಸಾಕೇ?

2021ರ ಮೇ 12ರಂದು ಅಮೆರಿಕದ ಡೆನ್ವರ್ ಪಕ್ಕದ ಸೆಂಟೆನಿಯಲ್ ವಿಮಾನ ನಿಲ್ದಾಣದ ಬಳಿ ಎರಡು ಸಣ್ಣ ವಿಮಾನಗಳು ಆಕಾಶದಲ್ಲೇ ಡಿಕ್ಕಿ ಹೊಡೆದವು. ಒಂದು ಸಿರಸ್ ಎಸ್‌ಆರ್22, ಇನ್ನೊಂದು ಅವಳಿ ಎಂಜಿನ್ನಿನ ಮೆಟ್ರೋಲೈನರ್. ಅಕ್ಕಪಕ್ಕದ ಎರಡು ರನ್‌ವೇಗಳಲ್ಲಿ ಇಳಿಯಲು ಬರುತ್ತಿದ್ದಾಗ ಸಿರಸ್ ತನ್ನ ಗೆರೆ ದಾಟಿ ಪಕ್ಕದ ಗೆರೆಗೆ ನುಗ್ಗಿತ್ತು. ಮೆಟ್ರೋಲೈನರ್‌ನ ಮೇಲ್ಭಾಗ ಸೀಳಿಹೋಯಿತು. ತಮಾಷೆಯೆಂದರೆ ಅದರ ಪೈಲಟ್‌ಗೆ ಇದು ಗೊತ್ತೇ ಆಗಲಿಲ್ಲ. ಬಲಗಡೆಯ ಎಂಜಿನ್ ಕೈಕೊಟ್ಟಂತಿದೆ ಎಂದು ರೇಡಿಯೊದಲ್ಲಿ ತಿಳಿಸಿ, ಹಾಗೆಯೇ ಇಳಿಸಿಬಿಟ್ಟರು. ಸಿರಸ್‌ನಲ್ಲಿದ್ದ ಇಬ್ಬರು ಇಡೀ ವಿಮಾನವನ್ನೇ ಹೊತ್ತಿಳಿಸುವ ಪ್ಯಾರಾಚೂಟ್ ಬಿಚ್ಚಿ ನೆಲ ಮುಟ್ಟಿದರು. ಮೂವರಿಗೂ ಗಾಯವಾಗಲಿಲ್ಲ.

ಎರಡು ವಿಮಾನಗಳೂ ಬೇರೆ ಬೇರೆ ರೇಡಿಯೊ ತರಂಗಾಂತರಗಳಲ್ಲಿ ಮಾತಾಡುತ್ತಿದ್ದವು. ತನಿಖೆಯಲ್ಲಿ ಸಿರಸ್ ಪೈಲಟ್‌ನ ತಪ್ಪಿನ ಜೊತೆಗೆ, ಪಕ್ಕದಲ್ಲೊಂದು ವಿಮಾನವಿದೆ ಎಂದು ಮೆಟ್ರೋಲೈನರ್‌ಗೆ ನಿಯಂತ್ರಣ ಕೇಂದ್ರ ಹೇಳದೇ ಇದ್ದದ್ದೂ ಕಾರಣವೆಂದು ದಾಖಲಾಯಿತು.

ಇದನ್ನು ಓದಿದ ಮೇಲೆ ನನಗೆ ನಮ್ಮೂರಿನ ಆಕಾಶದ ಬಗ್ಗೆ ಯೋಚನೆ ಬಂತು. ನಾನು ಓದುತ್ತಿರುವುದು ಕಲಬುರಗಿಯಲ್ಲಿ. 2019ರ ನವೆಂಬರ್‌ನಲ್ಲಿ ಇಲ್ಲಿ ವಿಮಾನ ನಿಲ್ದಾಣ ಆರಂಭವಾಯಿತು. 2021ರಲ್ಲಿ ದೇಶದ ಐದು ವಿಮಾನ ನಿಲ್ದಾಣಗಳಲ್ಲಿ ಪೈಲಟ್ ತರಬೇತಿ ಶಾಲೆಗಳಿಗೆ ಜಾಗ ಕೊಟ್ಟಾಗ ಅದರಲ್ಲಿ ಬೆಳಗಾವಿ, ಕಲಬುರಗಿ ಎರಡೂ ಇದ್ದವು. ಒಳ್ಳೆಯದೇ. ಆದರೆ ನನ್ನ ವಯಸ್ಸಿನ ಹುಡುಗ ಹುಡುಗಿಯರು ಒಬ್ಬೊಬ್ಬರೇ ಹಾರಲು ಕಲಿಯುವ ಕಡೆ, ವಿಮಾನಗಳನ್ನು ದೂರ ದೂರ ಇಡುವುದು ಯಾರು ಅಥವಾ ಯಾವುದು? ನಿಯಂತ್ರಣ ಕೇಂದ್ರ ಇದ್ದೇ ಇದೆ. ಉಳಿದದ್ದು ಬಹುತೇಕ ಪೈಲಟ್‌ನ ಕಣ್ಣು. ‘ನೋಡು, ತಪ್ಪಿಸಿಕೋ’ ಎಂಬುದೇ ಸಣ್ಣ ವಿಮಾನಗಳ ಹಳೆಯ ನಿಯಮ.

ಕಣ್ಣು ಎಷ್ಟರ ಮಟ್ಟಿಗೆ ಸಾಕು ಎಂದು ಒಂದು ಸಣ್ಣ ಲೆಕ್ಕ ಹಾಕಿದೆ. ಎರಡು ತರಬೇತಿ ವಿಮಾನಗಳು ಗಂಟೆಗೆ 185 ಕಿ.ಮೀ. ವೇಗದಲ್ಲಿ ಎದುರುಬದುರಾದರೆ ಅವುಗಳ ನಡುವಿನ ಅಂತರ ಸೆಕೆಂಡಿಗೆ 100 ಮೀಟರಿಗಿಂತ ಹೆಚ್ಚು ಕರಗುತ್ತದೆ. ಎದುರಿನದನ್ನು ಕಂಡು, ಗುರುತಿಸಿ, ನಿರ್ಧರಿಸಿ, ವಿಮಾನವನ್ನು ತಿರುಗಿಸಲು ಸುಮಾರು 12.5 ಸೆಕೆಂಡು ಬೇಕೆಂದು ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎ ಹೇಳುತ್ತದೆ. ಅಂದರೆ ಕನಿಷ್ಠ 1.3 ಕಿ.ಮೀ. ದೂರದಲ್ಲೇ ಕಣ್ಣಿಗೆ ಬೀಳಬೇಕು. ಅಷ್ಟು ದೂರದಲ್ಲಿ 11 ಮೀಟರ್ ರೆಕ್ಕೆಯ ಸೆಸ್ನಾ ವಿಮಾನ, ಕೈ ಚಾಚಿ ಹಿಡಿದ ಒಂದು ತೊಗರಿ ಕಾಳಿನಷ್ಟು ಅಗಲ ಕಾಣುತ್ತದೆ. ಅದೂ ರೆಕ್ಕೆಯ ತುದಿಯಿಂದ ತುದಿಗೆ. ಎದುರಿನಿಂದ ನೋಡಿದರೆ ರೆಕ್ಕೆಯೆಂದರೆ ಬರೀ ಒಂದು ಗೆರೆ.

ಇನ್ನೊಂದು ತೊಡಕಿದೆ. ನಮ್ಮ ಕಣ್ಣು ಚಲಿಸುವುದನ್ನು ಬೇಗ ಹಿಡಿಯುತ್ತದೆ. ಆದರೆ ನಿಜವಾಗಿಯೂ ಡಿಕ್ಕಿ ಹೊಡೆಯಲಿರುವ ವಿಮಾನ ಗಾಜಿನ ಮೇಲೆ ಸರಿಯುವುದೇ ಇಲ್ಲ! ದಿಕ್ಕು ಬದಲಾಗದೆ ಒಂದೇ ಕಡೆ ಚುಕ್ಕೆಯಂತೆ ನಿಂತಿದ್ದು, ಕೊನೆಯ ಕೆಲವು ಸೆಕೆಂಡುಗಳಲ್ಲಿ ದಿಢೀರನೆ ಊದಿಕೊಳ್ಳುತ್ತದೆ. ಗಾಜಿನ ಮೇಲೆ ಓಡಾಡುವ ಚುಕ್ಕೆಯಿಂದ ಅಪಾಯವಿಲ್ಲ, ನಿಂತ ಚುಕ್ಕೆಗೇ ಹೆದರಬೇಕು. ಹಾಗಿರುವಾಗ ‘ಸರಿಯಾಗಿ ನೋಡಬೇಕಿತ್ತು’ ಎಂದು ಪೈಲಟ್‌ನನ್ನು ಬೈಯುವುದು ಸುಲಭದ ಮಾತು.

ದೊಡ್ಡ ಪ್ರಯಾಣಿಕ ವಿಮಾನಗಳ ವಿಷಯದಲ್ಲಿ ಈ ಪಾಠವನ್ನು ನಾವು ತುಂಬ ದುಬಾರಿಯಾಗಿ ಕಲಿತೆವು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಜಾಕಸ್ತಾನದ ವಿಮಾನಗಳು ಡಿಕ್ಕಿಯಾಗಿ 349 ಮಂದಿ ಸತ್ತರು. ಡಿಕ್ಕಿ ತಡೆ ಸಾಧನ ಕಡ್ಡಾಯವಾದದ್ದು ಆ ಮೇಲೆ. ಎರಡು ಸೀಟಿನ ತರಬೇತಿ ವಿಮಾನಕ್ಕೆ ಆ ನಿಯಮ ಅನ್ವಯಿಸುವುದಿಲ್ಲ. ಅಷ್ಟು ದುಬಾರಿ ಯಂತ್ರ ಬೇಕೆಂದೂ ಇಲ್ಲ. ವಿಮಾನ ತಾನೆಲ್ಲಿದ್ದೇನೆ ಎಂದು ಸಾರುವ ಎಡಿಎಸ್-ಬಿ ಸಂಕೇತ 1090 ಮೆಗಾಹರ್ಟ್ಜ್‌ನಲ್ಲಿ ಬರುತ್ತದೆ. ಅದನ್ನು ಹಿಡಿಯುವುದು ನಮ್ಮ ಎಲೆಕ್ಟ್ರಾನಿಕ್ಸ್ ವಿಭಾಗದವರಿಗೆ ಒಂದು ಸೆಮಿಸ್ಟರ್‌ನ ಪ್ರಾಜೆಕ್ಟ್. ಪ್ರತಿ ತರಬೇತಿ ವಿಮಾನವೂ ಸಂಕೇತ ಕಳಿಸಬೇಕು, ಸುತ್ತಲಿನದನ್ನು ಪರದೆಯಲ್ಲಿ ತೋರಿಸಲೂ ಬೇಕು ಎಂದು ನಿಯಮ ಮಾಡಲು ಇನ್ನೊಂದು ದಾದ್ರಿ ಬೇಕಿಲ್ಲ.

ಆದರೆ ಯಂತ್ರಕ್ಕಿಂತ ಕಷ್ಟದ್ದು ಬಾಯಿ ಬಿಡಿಸುವುದು. 2022ರ ಜನವರಿ 7ರಂದು ಬೆಂಗಳೂರಿನಲ್ಲಿ ಜೋಡಿ ರನ್‌ವೇಗಳಿಂದ ಕೋಲ್ಕತ್ತ ಮತ್ತು ಭುವನೇಶ್ವರದ ಕಡೆಗೆ ಎರಡು ಇಂಡಿಗೊ ವಿಮಾನಗಳು ಹೆಚ್ಚುಕಡಿಮೆ ಒಟ್ಟಿಗೇ ಮೇಲೇರಿ ಒಂದರತ್ತ ಒಂದು ಸಾಗಿದವು. ರೇಡಾರ್ ಮುಂದೆ ಕುಳಿತಿದ್ದವರು ಗಮನಿಸಿ ದಿಕ್ಕು ಬದಲಿಸಲು ಹೇಳಿದ್ದರಿಂದ ನಾನೂರಕ್ಕೂ ಹೆಚ್ಚು ಜನ ಉಳಿದರು. ಇದು ಯಾವ ಲಾಗ್‌ಬುಕ್‌ನಲ್ಲೂ ದಾಖಲಾಗಿರಲಿಲ್ಲ ಎಂಬ ಸುದ್ದಿ ಆಮೇಲೆ ಬಂತು. ನನಗೆ ಹೆಚ್ಚು ಭಯವಾದದ್ದು ಈ ಎರಡನೇ ಸುದ್ದಿಗೆ.

ಪಿಯುಸಿಯಲ್ಲಿ ನನ್ನ ಬೆಂಚಿನಲ್ಲಿದ್ದವನೊಬ್ಬ ಈಗ ಬೇರೆ ರಾಜ್ಯದಲ್ಲಿ ಪೈಲಟ್ ತರಬೇತಿಯಲ್ಲಿದ್ದಾನೆ. ಅವನ ಶುಲ್ಕಕ್ಕಾಗಿ ಅಪ್ಪ ಹೊಲದ ಮೇಲೆ ಸಾಲ ತೆಗೆದಿದ್ದಾರೆ. ‘ಇನ್ನೊಂದು ವಿಮಾನ ತೀರಾ ಹತ್ತಿರ ಬಂದು ಏನೂ ಆಗದೆ ಉಳಿದರೆ ಬರೆದುಕೊಡ್ತೀಯಾ?’ ಎಂದು ಕೇಳಿದೆ. ‘ಮೊದಲು ಯಾರ ತಪ್ಪು ಅಂತ ಕೇಳ್ತಾರೆ, ಆಮೇಲೆ ಏನಾಯ್ತು ಅಂತ’ ಎಂದ. ಹೊಲ ಅಡವಿಟ್ಟ ಮನೆಯ ಹುಡುಗ ಹೀಗೆ ಹೇಳಿದರೆ ಅವನನ್ನು ಹೇಗೆ ದೂರಲಿ?

ಅಮೆರಿಕದಲ್ಲಿ 1974ರ ಡಿಸೆಂಬರ್ 1ರಂದು ಟಿಡಬ್ಲ್ಯುಎ ಕಂಪನಿಯ ವಿಮಾನವೊಂದು ವಾಷಿಂಗ್ಟನ್ ಸಮೀಪದ ಗುಡ್ಡಕ್ಕೆ ಬಡಿದು 92 ಮಂದಿ ಸತ್ತರು. ಆರು ವಾರ ಮೊದಲು ಇನ್ನೊಂದು ಕಂಪನಿಯ ವಿಮಾನ ಅದೇ ಗುಡ್ಡಕ್ಕೆ ಸ್ವಲ್ಪದರಲ್ಲಿ ಬಡಿಯುವುದು ತಪ್ಪಿತ್ತು. ಆ ಕಂಪನಿ ತನ್ನ ಪೈಲಟ್‌ಗಳನ್ನು ಎಚ್ಚರಿಸಿತು, ಪಕ್ಕದ ಕಂಪನಿಗೆ ವಿಷಯ ಮುಟ್ಟಲಿಲ್ಲ. ಆ ಬಳಿಕ 1976ರಲ್ಲಿ ಗೋಪ್ಯ ವರದಿ ವ್ಯವಸ್ಥೆಯೊಂದು ಶುರುವಾಯಿತು. ಅದನ್ನು ನಡೆಸುವುದು ನಾಸಾ, ಲೈಸೆನ್ಸ್ ಕಿತ್ತುಕೊಳ್ಳುವ ಅಧಿಕಾರವಿರುವ ಎಫ್‌ಎಎ ಅಲ್ಲ. ವರದಿ ಬರೆದವರ ಹೆಸರನ್ನು ತೆಗೆದ ಮೇಲೆ ಎಲ್ಲರೂ ಓದಬಹುದು.

ನಮ್ಮಲ್ಲಿ ಸ್ವಯಂಪ್ರೇರಿತ ವರದಿ ಹೋಗುವುದು ಡಿಜಿಸಿಎಗೆ. ಲೈಸೆನ್ಸ್ ಕೊಡುವುದೂ ಕಸಿಯುವುದೂ ಅದೇ. ಬೆಂಗಳೂರಿನಲ್ಲೇ ವೈಮಾನಿಕ ಸಂಶೋಧನೆಯ ಎನ್‌ಎಎಲ್ ಇದೆ, ಭಾರತೀಯ ವಿಜ್ಞಾನ ಸಂಸ್ಥೆ ಇದೆ. ಇಂಥ ಒಂದು ಸಂಸ್ಥೆಗೆ ಆ ಪೆಟ್ಟಿಗೆಯ ಕೀಲಿ ಕೊಡಲಿ. ಕಲಿಯುವವರು ಕನ್ನಡದಲ್ಲೋ ಹಿಂದಿಯಲ್ಲೋ ನಾಲ್ಕು ಸಾಲು ಬರೆದು ಹಾಕುವಂತಿರಲಿ, ಉದ್ದೇಶಪೂರ್ವಕವಲ್ಲದ ತಪ್ಪಿಗೆ ಶಿಕ್ಷೆಯಿಲ್ಲ ಎಂದು ಅರ್ಜಿಯ ಮೇಲೆಯೇ ಅಚ್ಚಾಗಲಿ.