ಐಸಿಯು ಹೊರಗೆ ಕಾಯುವವರಿಗೆ ನಿಜಕ್ಕೂ ಏನು ಬೇಕು?

ಐಸಿಯು, ಅಂದರೆ ತೀವ್ರ ನಿಗಾ ಘಟಕದಲ್ಲಿರುವ ಹೆಚ್ಚಿನ ರೋಗಿಗಳಿಗೆ ತಮ್ಮ ಬಗ್ಗೆ ತಾವೇ ಮಾತಾಡುವ ಸ್ಥಿತಿ ಇರುವುದಿಲ್ಲ. ಕೆಲವರಿಗೆ ಪ್ರಜ್ಞೆ ಇರುವುದಿಲ್ಲ, ಕೆಲವರಿಗೆ ನಿದ್ದೆ ಬರಿಸುವ ಔಷಧ ಕೊಟ್ಟಿರುತ್ತಾರೆ, ಇನ್ನು ಕೆಲವರ ಗಂಟಲಲ್ಲಿ ಉಸಿರಾಟದ ನಳಿಕೆ ಇರುತ್ತದೆ. ಹಾಗಾಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದು, ಮುಂದಿನ ಚಿಕಿತ್ಸೆ ಬೇಕೋ ಬೇಡವೋ ಹೇಳುವುದು, ಹಣ ಹೊಂದಿಸುವುದು ಎಲ್ಲವೂ ಹೊರಗೆ ಕೂತ ಮನೆಯವರ ಪಾಲಿಗೆ ಬರುತ್ತದೆ. ಆದರೆ ಒಳಗೆ ಏನಾಗುತ್ತಿದೆ ಎಂಬುದು ಅವರಿಗೇ ಎಲ್ಲರಿಗಿಂತ ಕಡಿಮೆ ಗೊತ್ತಿರುತ್ತದೆ.

‘ರೋಗಿ ಬದುಕಿದರೆ ಮನೆಯವರಿಗೆ ಸಮಾಧಾನ, ಇಲ್ಲದಿದ್ದರೆ ಜಗಳ’ ಎಂಬ ಮಾತಿದೆ. ಅಧ್ಯಯನಗಳು ಹೇಳುವುದು ಬೇರೆಯೇ.

ತೃಪ್ತಿಯನ್ನು ಅಳೆಯುವುದು ಹೇಗೆ?

1979ರಲ್ಲಿ ಅಮೆರಿಕದ ನರ್ಸ್ ನ್ಯಾನ್ಸಿ ಮೋಲ್ಟರ್, ಐಸಿಯುವಿನಲ್ಲಿದ್ದ ರೋಗಿಗಳ 40 ಸಂಬಂಧಿಕರ ಮುಂದೆ 45 ಅಗತ್ಯಗಳ ಪಟ್ಟಿ ಇಟ್ಟು ಯಾವುದು ಮುಖ್ಯ ಎಂದು ಕೇಳಿದರು. ಮೊದಲ ಸ್ಥಾನ ಸಿಕ್ಕಿದ್ದು ‘ಭರವಸೆ ಇದೆ ಅನ್ನಿಸಬೇಕು’ ಎಂಬುದಕ್ಕೆ. ಪ್ರಶ್ನೆಗಳಿಗೆ ಪ್ರಾಮಾಣಿಕ ಉತ್ತರ, ಅರ್ಥವಾಗುವ ಭಾಷೆಯಲ್ಲಿ ವಿವರಣೆ, ದಿನಕ್ಕೊಮ್ಮೆಯಾದರೂ ಸುದ್ದಿ ಇವೂ ಪಟ್ಟಿಯ ಮೇಲ್ಭಾಗದಲ್ಲೇ ಇದ್ದವು. ಅಂದರೆ ಭರವಸೆ ಬೇಕು, ಸುಳ್ಳು ಬೇಡ.

ಮುಂದೆ ಕೆನಡಾದ ವೈದ್ಯ ಡಾರೆನ್ ಹೇಲ್ಯಾಂಡ್ ಮತ್ತು ಸಂಗಡಿಗರು ಕುಟುಂಬದ ತೃಪ್ತಿಯನ್ನೇ ಅಳೆಯುವ ಪ್ರಶ್ನಾವಳಿ ರೂಪಿಸಿದರು. 2007ರಲ್ಲಿ ಅದನ್ನು 24 ಪ್ರಶ್ನೆಗಳಿಗೆ ಇಳಿಸಲಾಯಿತು. ಅದರಲ್ಲಿ ಎರಡು ಭಾಗ: ಆರೈಕೆಯ ಬಗ್ಗೆ ತೃಪ್ತಿ, ನಿರ್ಧಾರಗಳಲ್ಲಿ ನಮ್ಮನ್ನು ಸೇರಿಸಿಕೊಂಡ ಬಗ್ಗೆ ತೃಪ್ತಿ. ಕೆನಡಾದ ಆರು ಆಸ್ಪತ್ರೆಗಳಲ್ಲಿ ಕೇಳಿದಾಗ ನರ್ಸ್‌ಗಳ ಕೌಶಲ, ರೋಗಿಗೆ ತೋರಿದ ಗೌರವ ಮತ್ತು ಕರುಣೆಗೆ ಒಳ್ಳೆಯ ಅಂಕ ಬಂತು. ಕಡಿಮೆ ಅಂಕ ಬಂದದ್ದು ಕಾಯುವ ಕೋಣೆಗೆ ಮತ್ತು ವೈದ್ಯರು ಎಷ್ಟು ಸಲ ಬಂದು ಮಾತಾಡುತ್ತಾರೆ ಎಂಬುದಕ್ಕೆ.

2007ರ ಇನ್ನೊಂದು ಅಮೆರಿಕನ್ ಅಧ್ಯಯನ ಇನ್ನೂ ಅಚ್ಚರಿಯದು. ಐಸಿಯುವಿನಲ್ಲಿ ತೀರಿಕೊಂಡವರ ಕುಟುಂಬಗಳು, ಬದುಕಿ ಬಂದವರ ಕುಟುಂಬಗಳಿಗಿಂತ ಹೆಚ್ಚು ತೃಪ್ತಿ ಹೇಳಿಕೊಂಡವು. ಸಾವು ಹತ್ತಿರವಾದಾಗ ವೈದ್ಯರು ಕೂತು ಮಾತಾಡುತ್ತಾರೆ, ರೋಗಿ ಚೇತರಿಸಿಕೊಳ್ಳುತ್ತಿದ್ದರೆ ಆ ಮಾತು ಕಡಿಮೆಯಾಗುತ್ತದೆ ಎಂಬುದು ಇದಕ್ಕೆ ಒಂದು ಕಾರಣ ಇರಬಹುದು.

‘ಸ್ಟೇಬಲ್’ ಅಂದರೆ ಹುಷಾರಾದರು ಅಂತಲೇ?

ಅಲ್ಲ. ವೈದ್ಯರು ‘ಪೇಶೆಂಟ್ ಸ್ಟೇಬಲ್ ಇದ್ದಾರೆ’ ಅಂದರೆ ಸದ್ಯಕ್ಕೆ ಸ್ಥಿತಿ ಏರುಪೇರಾಗುತ್ತಿಲ್ಲ ಎಂದಷ್ಟೇ ಅರ್ಥ. ಔಷಧದ ಬಲದಿಂದ ಬಿಪಿ ನಿಂತಿದ್ದರೂ, ಯಂತ್ರವೇ ಉಸಿರಾಡಿಸುತ್ತಿದ್ದರೂ ‘ಸ್ಟೇಬಲ್’ ಎನ್ನಬಹುದು. ಮನೆಯವರು ಮಾತ್ರ ಅದನ್ನು ‘ಅಪಾಯ ಕಳೆಯಿತು’ ಎಂದು ಕೇಳಿಸಿಕೊಂಡು ಊರಿಗೆಲ್ಲ ಫೋನ್ ಮಾಡುತ್ತಾರೆ. ಮರುದಿನ ಕೆಟ್ಟ ಸುದ್ದಿ ಬಂದರೆ ‘ನಿನ್ನೆ ಚೆನ್ನಾಗಿದ್ದಾರೆ ಅಂದಿದ್ರಲ್ಲ’ ಎಂಬ ಜಗಳ ಶುರುವಾಗುತ್ತದೆ. ಇಬ್ಬರೂ ಸುಳ್ಳು ಹೇಳಿಲ್ಲ, ಆದರೆ ಒಂದೇ ಪದ ಎರಡು ಅರ್ಥ ಕೊಟ್ಟಿದೆ. ಫ್ರಾನ್ಸ್‌ನ ಆಸ್ಪತ್ರೆಯೊಂದರಲ್ಲಿ ನಡೆದು 2000ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ, ವೈದ್ಯರೊಂದಿಗೆ ಮಾತಾಡಿ ಬಂದ ಸುಮಾರು ಅರ್ಧದಷ್ಟು ಕುಟುಂಬಗಳಿಗೆ ಕಾಯಿಲೆ, ಚಿಕಿತ್ಸೆ ಅಥವಾ ಮುಂದಿನ ಸ್ಥಿತಿ ಅರ್ಥವಾಗಿರಲಿಲ್ಲ.

ಯಾರು ಹೆಚ್ಚು ಮಾತಾಡಬೇಕು?

ಅಮೆರಿಕದ ಸಿಯಾಟಲ್‌ನಲ್ಲಿ ಇಂಥ 43 ಸಭೆಗಳನ್ನು ಧ್ವನಿಮುದ್ರಿಸಿ ನೋಡಿದರು. ಸರಾಸರಿ 71 ಶೇಕಡಾ ಹೊತ್ತು ವೈದ್ಯಕೀಯ ಸಿಬ್ಬಂದಿಯೇ ಮಾತಾಡಿದ್ದರು, ಕುಟುಂಬಕ್ಕೆ ಸಿಕ್ಕಿದ್ದು 29 ಶೇಕಡಾ. ಕುಟುಂಬದವರ ಪಾಲು ಹೆಚ್ಚಿದ್ದ ಸಭೆಗಳಲ್ಲಿ ತೃಪ್ತಿಯೂ ಹೆಚ್ಚಿತ್ತು.

2007ರಲ್ಲಿ ಪ್ರಕಟವಾದ ಫ್ರಾನ್ಸ್‌ನ 22 ಐಸಿಯುಗಳ ಪ್ರಯೋಗದಲ್ಲಿ, ಸಾವಿನ ಅಂಚಿನಲ್ಲಿದ್ದ 126 ರೋಗಿಗಳ ಕುಟುಂಬಗಳನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿನೊಂದಿಗೆ ಕುಟುಂಬದ ಮಾತಿಗೆ ಹೆಚ್ಚು ಅವಕಾಶ ಕೊಡುವ ಸಭೆ ನಡೆಸಿ, ಅಗಲಿಕೆಯ ಬಗ್ಗೆ ಒಂದು ಕಿರುಪುಸ್ತಿಕೆ ಕೊಟ್ಟರು. ಇನ್ನೊಂದಕ್ಕೆ ಎಂದಿನ ಸಭೆ. ಸಭೆಗೆ ಹಿಡಿದದ್ದು 20 ನಿಮಿಷದ ಬದಲು 30 ನಿಮಿಷ. ಮೂರು ತಿಂಗಳ ನಂತರ ಆಘಾತದ ಮಾನಸಿಕ ಲಕ್ಷಣಗಳು ಎಂದಿನ ಗುಂಪಿನಲ್ಲಿ 69 ಶೇಕಡಾ ಜನರಲ್ಲಿದ್ದರೆ, ಈ ಗುಂಪಿನಲ್ಲಿ 45 ಶೇಕಡಾ ಜನರಲ್ಲಿದ್ದವು.

ಮನೆಯವರು ಒಳಗೆ ಬಂದರೆ ಸೋಂಕು ಹೆಚ್ಚುತ್ತದೆಯೇ?

ಬ್ರೆಜಿಲ್‌ನ 36 ಐಸಿಯುಗಳಲ್ಲಿ ಇದನ್ನು ಪರೀಕ್ಷಿಸಿದರು. 2019ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ದಿನಕ್ಕೆ 12 ಗಂಟೆಯವರೆಗೆ ಜೊತೆಗಿರಲು ಬಿಟ್ಟಾಗಲೂ ಸೋಂಕು ಗಮನಾರ್ಹವಾಗಿ ಹೆಚ್ಚಲಿಲ್ಲ. ರೋಗಿಗಳ ಗೊಂದಲಾವಸ್ಥೆ ಕಡಿಮೆಯಾಗಲಿಲ್ಲ, ಆದರೆ ಕುಟುಂಬದವರ ಆತಂಕ, ಖಿನ್ನತೆ ಕಡಿಮೆಯಾಯಿತು. ಇಲ್ಲಿ ಕೈ ತೊಳೆಯುವುದನ್ನು ಹೇಳಿಕೊಟ್ಟೇ ಒಳಗೆ ಬಿಟ್ಟಿದ್ದರು ಎಂಬುದನ್ನು ಮರೆಯಬಾರದು. ಕೆಮ್ಮು, ಜ್ವರ ಇದ್ದವರು ಹೋಗಲೇಬಾರದು.

ಸತ್ತವರನ್ನೂ ವೆಂಟಿಲೇಟರ್‌ನಲ್ಲಿ ಇಡುತ್ತಾರೆಯೇ?

ವೆಂಟಿಲೇಟರ್ ಗಾಳಿಯನ್ನು ಒಳಕ್ಕೆ ತಳ್ಳುತ್ತದೆಯೇ ಹೊರತು ಹೃದಯವನ್ನು ಬಡಿಸುವುದಿಲ್ಲ. ಹೃದಯ ನಿಂತ ಮೇಲೆ ಎದೆ ಏರಿಳಿದರೂ ರಕ್ತ ಹರಿಯುವುದಿಲ್ಲ, ದೇಹ ತಣ್ಣಗಾಗಿ ಕೆಲವು ಗಂಟೆಗಳಲ್ಲಿ ಸೆಟೆದುಕೊಳ್ಳುತ್ತದೆ. ಹೀಗಾಗಿ ದಿನಗಟ್ಟಲೆ ಮುಚ್ಚಿಡುವುದು ಸಾಧ್ಯವಿಲ್ಲ. ಮಿದುಳು ಸಾವು ಮಾತ್ರ ಬೇರೆ: ಅಲ್ಲಿ ಯಂತ್ರದ ನೆರವಿನಲ್ಲಿ ಹೃದಯ ಸ್ವಲ್ಪ ಕಾಲ ಬಡಿಯುತ್ತಿರುತ್ತದೆ. ಆದರೂ ಈ ಗುಮಾನಿ ಸುಮ್ಮನೆ ಹುಟ್ಟಿದ್ದಲ್ಲ. ಒಳಗಿನ ಸುದ್ದಿ ಬಾರದೆ ಬಿಲ್ ಮಾತ್ರ ಬರುತ್ತಿದ್ದರೆ ಯಾರಿಗಾದರೂ ಅನುಮಾನ ಬರುತ್ತದೆ.

ಇಲ್ಲೇ ನಮ್ಮ ದೇಶಕ್ಕೂ ಕೆನಡಾಕ್ಕೂ ಇರುವ ವ್ಯತ್ಯಾಸ ಕಾಣುತ್ತದೆ. ಅಲ್ಲಿ ಆಸ್ಪತ್ರೆಯ ಖರ್ಚನ್ನು ಸರ್ಕಾರಿ ವಿಮೆ ಭರಿಸುವುದರಿಂದ ಆ 24 ಪ್ರಶ್ನೆಗಳಲ್ಲಿ ಬಿಲ್ಲಿನ ಮಾತೇ ಇಲ್ಲ. ನಮ್ಮ ಖಾಸಗಿ ಆಸ್ಪತ್ರೆಗಳಲ್ಲಿ ಅನೇಕರಿಗೆ ಒಳಗಿನಿಂದ ಕರೆ ಬರುವುದೇ ಔಷಧದ ಚೀಟಿ ಅಥವಾ ಡಿಪಾಸಿಟ್‌ಗಾಗಿ. ದಿನದ ಖರ್ಚನ್ನು ಬಿಡಿಸಿ ಹೇಳುವುದೂ ಇಲ್ಲಿ ಆರೈಕೆಯ ಭಾಗವೇ. ಇನ್ನೊಂದು ಎಚ್ಚರ: ರೋಗಿ ಇನ್ನೂ ಒಳಗಿರುವಾಗ ಅಭಿಪ್ರಾಯದ ಫಾರಂ ಕೊಟ್ಟರೆ ಯಾರೂ ಧೈರ್ಯವಾಗಿ ದೂರು ಬರೆಯುವುದಿಲ್ಲ. ಅಂಥ ಒಳ್ಳೆಯ ಅಂಕಗಳನ್ನು ಪೂರ್ತಿ ನಂಬುವಂತಿಲ್ಲ.

ನೀವೇನು ಮಾಡಬಹುದು?

- ವೈದ್ಯರೊಂದಿಗೆ ಮಾತಾಡಲು ಮನೆಯಿಂದ ಒಬ್ಬರನ್ನು ಗೊತ್ತುಮಾಡಿ. ಉಳಿದವರಿಗೆ ಅವರೇ ತಿಳಿಸಲಿ.
- ದಿನದಲ್ಲಿ ಯಾವ ಹೊತ್ತಿಗೆ, ಯಾರು ಮಾತಾಡುತ್ತಾರೆ ಎಂದು ಮೊದಲ ದಿನವೇ ಕೇಳಿ.
- ‘ಸ್ಟೇಬಲ್’ ಅಂದರೆ ‘ನಿನ್ನೆಗಿಂತ ಉತ್ತಮವೋ, ಹಾಗೇ ಇದ್ದಾರೋ?’ ಎಂದು ಕೇಳಿ.
- ‘ಈ ಚಿಕಿತ್ಸೆ ಫಲಿಸುತ್ತಿದೆಯೇ ಎಂದು ಯಾವಾಗ ಗೊತ್ತಾಗುತ್ತದೆ? ಫಲಿಸದಿದ್ದರೆ ಮುಂದೇನು?’ ಎಂಬುದನ್ನು ತಪ್ಪದೆ ಕೇಳಿ.
- ಕೇಳಿದ್ದನ್ನು ನಿಮ್ಮ ಮಾತಲ್ಲೇ ಅವರಿಗೆ ತಿರುಗಿ ಹೇಳಿ. ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ.
- ರೋಗಿ ಹಿಂದೆ ತಮ್ಮ ಚಿಕಿತ್ಸೆಯ ಬಗ್ಗೆ ಏನಾದರೂ ಹೇಳಿದ್ದರೆ ವೈದ್ಯರಿಗೆ ತಿಳಿಸಿ. ಅದು ನಿಮಗೆ ಮಾತ್ರ ಗೊತ್ತಿರುವ ವಿಷಯ.