ವೈದ್ಯನ ಆದಾಯವೂ ರೋಗಿಯ ಆಯ್ಕೆಯೂ

ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿರುವುದು: ವೈದ್ಯ, ಔಷಧ, ಪರಿಚಾರಕ, ರೋಗಿ. ರೋಗಿಯಲ್ಲಿರಬೇಕಾದ ಗುಣಗಳಲ್ಲಿ ನಿರ್ಭಯತೆಯೂ ಒಂದು, ವೈದ್ಯನ ಮಾತನ್ನು ನಡೆಸುವುದೂ ಒಂದು. ಇವೆರಡೂ ಒಟ್ಟಿಗೆ ಇರುವುದೆಂತು ಎಂಬುದೇ ಈ ತಿಂಗಳ ವಿಚಾರ.

ಜವಳಿ ಅಂಗಡಿಯಲ್ಲಿ ಒಪ್ಪದ ಸೀರೆಯನ್ನು ಬಿಟ್ಟು ಬರಬಹುದು. ವೈದ್ಯನಲ್ಲಿ ಹಾಗಲ್ಲ, ನಮಗೆ ಏನು ಬೇಕೆಂದು ನಿರ್ಣಯಿಸುವವನೂ ಅದಕ್ಕೆ ಹಣ ಪಡೆಯುವವನೂ ಒಬ್ಬನೇ. ಈ ತಿಳಿವಳಿಕೆಯ ಅಸಮತೆಯಿಂದ ವೈದ್ಯಕೀಯವು ಇತರ ವ್ಯಾಪಾರಗಳಂತೆ ನಡೆಯಲಾರದೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲಿಯೇ ವಿವರಿಸಿದರು.

ನಮ್ಮ ಮನೆಗಳಿಗೆ ಹತ್ತಿರವಾದ ನಿದರ್ಶನವು ಹೆರಿಗೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಭಾರತದ ಸರಕಾರೀ ಆಸ್ಪತ್ರೆಗಳಲ್ಲಿ ನೂರು ಹೆರಿಗೆಗಳಿಗೆ ಸುಮಾರು 14 ಶಸ್ತ್ರಕ್ರಿಯೆಯಿಂದಾದರೆ, ಖಾಸಗಿ ಆಸ್ಪತ್ರೆಗಳಲ್ಲಿ ಸುಮಾರು 47. ಇದೆಲ್ಲವೂ ಲೋಭದ ಫಲವೆಂದರೆ ಅನ್ಯಾಯವಾದೀತು. ನೋವಿಗೆ ಅಂಜಿ ತಾಯಂದಿರೇ ಕೇಳುವುದುಂಟು. ಪಂಚಾಂಗ ನೋಡಿ ಮುಹೂರ್ತವಿಡುವ ಹಿರಿಯರೂ ಉಂಟು. ಆದರೂ ಸಹಜ ಪ್ರಸವಕ್ಕೆ ರಾತ್ರಿಯೆಲ್ಲ ಕಾಯಬೇಕು. ಶಸ್ತ್ರಕ್ರಿಯೆ ಬೇಗ ಮುಗಿಯುವುದು, ಹೆಚ್ಚು ಹಣವನ್ನೂ ತರುವುದು. ಸಜ್ಜನನ ತಕ್ಕಡಿಯೂ ಇಂಥ ಭಾರಕ್ಕೆ ಕೊಂಚ ಓಲುವುದು.

ಹಣ ಕೊಡುವ ಕ್ರಮವನ್ನೇ ಬದಲಿಸಿದರೆ ಹೇಗೆ? ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯು 1948ರಲ್ಲಿ ಆರಂಭವಾದಾಗ ಕುಟುಂಬವೈದ್ಯರಿಗೆ, ಮಾಡಿದ ಚಿಕಿತ್ಸೆಗಲ್ಲದೆ, ಪಟ್ಟಿಯಲ್ಲಿದ್ದ ತಲೆಗಿಷ್ಟೆಂದು ಹಣ ಕೊಡಲಾಯಿತು. ಅಲ್ಲಿ ಅತಿಚಿಕಿತ್ಸೆಯ ಆಸೆಯಿಲ್ಲ, ಉಪೇಕ್ಷೆಯ ಭಯವುಂಟು. ದೋಷವಿಲ್ಲದ ಕ್ರಮವೆಂಬುದಿಲ್ಲ. ಆದುದರಿಂದ ಎರಡು ಬಗೆಯ ಹೆರಿಗೆಗೂ ವೈದ್ಯನಿಗೆ ಸಮಾನ ಶುಲ್ಕವಿರುವುದು ಯುಕ್ತವೆಂದು ನಮ್ಮ ಅಭಿಪ್ರಾಯ.

ಅದು ಆಗುವವರೆಗೆ ಗೃಹಸ್ಥರು ಮಾಡತಕ್ಕದ್ದೇನು? ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಗೆ 2017ರಲ್ಲಿ ಆದ ತಿದ್ದುಪಡಿಯು ರೋಗಿಗಳ ಹಕ್ಕುಗಳ ಸನ್ನದನ್ನು ಸೇರಿಸಿತು. ಆ ಹಕ್ಕನ್ನು ಬಳಸುವ ಕಾಲವು ನಡುರಾತ್ರಿಯ ಹೆರಿಗೆಕೋಣೆಯಲ್ಲ. ಚೊಚ್ಚಲ ಬಸುರಿ ತವರಿಗೆ ಬಂದೊಡನೆ, ಹಗಲಿನಲ್ಲಿ, ತಾಯಿಯೂ ಮಗಳೂ ಕೂಡಿ ಹೋಗಿ ಮೂರು ಪ್ರಶ್ನೆಗಳನ್ನು ಕೇಳಲಿ: ಶಸ್ತ್ರಕ್ರಿಯೆ ಯಾವ ಸಂದರ್ಭಗಳಲ್ಲಿ? ನಿಮ್ಮಲ್ಲಿ ನೂರಕ್ಕೆ ಎಷ್ಟು? ಎರಡಕ್ಕೂ ತಗಲುವ ಹಣವೆಷ್ಟು? ಉತ್ತರವು ಸಮರ್ಪಕವಾಗದಿದ್ದರೆ ಬೇರೆಡೆಗೆ ಹೋಗಲು ಆಗ ಕಾಲಾವಕಾಶವಿರುವುದು.

ಆದರೆ ಹೆರಿಗೆಯ ವೇಳೆಯಲ್ಲಿ, ಮಗುವಿನ ಹೃದಯಬಡಿತ ಕುಂದುತ್ತಿದೆಯೆಂದು ವೈದ್ಯರು ಹೇಳಿದರೆ ಚೌಕಾಶಿ ಮಾಡಬಾರದು. ಒಪ್ಪಿ ಸಹಿ ಹಾಕತಕ್ಕದ್ದು. ಮೊದಲು ನಿರ್ಭಯದಿಂದ ಕೇಳಿ ಆರಿಸಿದವರಿಗೆ, ಆ ಗಳಿಗೆಯಲ್ಲಿ ನಂಬುವುದು ಸುಲಭವಾಗುವುದು.